ನಿಮಗಿದು ಗೊತ್ತೇ? ಓವನ್ ಇಲ್ಲದ ಮನೆಯಲ್ಲಿ ಹಣ್ಣು–ಓಟ್ಸ್ ತಿಂಡಿ

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ಹಾಸನ ಜಿಲ್ಲೆಯಲ್ಲಿ, ಗೊತ್ತೇ? 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ಎಚ್.ಎಸ್. ತಿರುಮಲಾಚಾರ್ ಹಾಸನದ ಕಡೆಯವರು. ಆಮೇಲೆ ಅದೇ ಸೀಮೆಯ ಹಳ್ಳಿಗಳಿಂದ ಒಬ್ಬರ ಹಿಂದೆ ಒಬ್ಬರು ಹೋಗಿ, ನೆಂಟರಿಷ್ಟರ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಸ್ವಂತ ಬೇಕರಿ ಇಟ್ಟರು. ಮೊಟ್ಟೆ ಮುಟ್ಟದೆ ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತು ಸುಡುವ ವಿದ್ಯೆ ನಾಡಿನ ಮೂಲೆಮೂಲೆಗೆ ಹೋದದ್ದು ಹೀಗೆ. ಅಂಥ ಜಿಲ್ಲೆಯ ಮನೆಗಳಲ್ಲಿ ಬೆಳಗಿನ ತಿಂಡಿ ಮಾತ್ರ ಈಗಲೂ ಕಾವಲಿ, ಬಾಣಲೆ, ಇಡ್ಲಿ ಪಾತ್ರೆಯಲ್ಲೇ ನಡೆಯುತ್ತದೆ. ಜಾವಗಲ್‌ನಂಥ ಊರಿನಲ್ಲಿ ಅಡುಗೆಮನೆಗೆ ಓವನ್ ತಂದವರು ಕಡಿಮೆ, ತರಬೇಕೆಂದೂ ಇಲ್ಲ. ಹಣ್ಣು ಬೆರೆಸಿ ಬೇಕ್ ಮಾಡಿದ ಓಟ್ಸಿಗೆ ಗ್ಯಾಸ್ ಒಲೆಯೂ ಒಂದು ಹಳೆಯ ಕುಕ್ಕರೂ ಸಾಕು. ಸಕ್ಕರೆ ಬೇಡವೇ ಬೇಡ. ಈ ಸಲದ ಅಂಕಣವಿಡೀ ಆ ಒಂದು ತಿಂಡಿಯ ಸುತ್ತ.

ಮೇಲೆ ಕೆಂಡ, ಕೆಳಗೆ ಕೆಂಡ ಇಟ್ಟು ಸುಡುವ ಪದ್ಧತಿ ಇಂಗ್ಲಿಷರಿಂದ ಬಂದದ್ದಲ್ಲ, ಗೊತ್ತೇ? 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೇ ಮಂಗರಸ ‘ಸೂಪಶಾಸ್ತ್ರ’ ಬರೆದ. ಅಡುಗೆಯನ್ನು ಷಟ್ಪದಿಯಲ್ಲಿ ಹೇಳುವ ಕನ್ನಡ ಕೃತಿ ಅದು. ಅದರಲ್ಲಿ ಬರುವ ಮುಚ್ಚಳ ರೊಟ್ಟಿಯನ್ನು ಎರಡು ತಟ್ಟೆಗಳ ನಡುವೆ ಇಟ್ಟು, ಅಡಿಗೂ ಮೇಲಕ್ಕೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಓವನ್ ಮಾಡುವುದೂ ಇದನ್ನೇ: ಎಲ್ಲ ಕಡೆಯಿಂದ ಒಣ ಕಾವು.

ಕರಾವಳಿಯ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ ತುರಿ, ರವೆ, ಬೆಲ್ಲ, ತೆಂಗಿನಕಾಯಿ ಕಲಸಿ ಮಾಡುವ ತವಸೊಳಿಯನ್ನೂ ಹಿಂದೆ ಮುಚ್ಚಳದ ಮೇಲೆ ಕೆಂಡ ಹೇರಿಯೇ ಬೇಯಿಸುತ್ತಿದ್ದರು.

ಹಣ್ಣನ್ನೂ ಧಾನ್ಯವನ್ನೂ ಒಟ್ಟಿಗೆ ಬೇಯಿಸಿ ತಿಂಡಿ ಮಾಡುವುದು ನಮಗೆ ಹೊಸದೇ? ಖಂಡಿತ ಅಲ್ಲ. ಕೊಡಗಿನಲ್ಲಿ ಬಾಳೆಹಣ್ಣನ್ನೋ ಹಲಸಿನ ತೊಳೆಯನ್ನೋ ಕಿವುಚಿ, ಅಕ್ಕಿತರಿ ಮತ್ತು ಕಾಯಿತುರಿ ಬೆರೆಸಿ, ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಪುಟ್ಟು ಇದೆ. ದಕ್ಷಿಣ ಕನ್ನಡದಲ್ಲಿ ಹಲಸಿನ ಹಣ್ಣಿನ ಗಟ್ಟಿ, ಮಲೆನಾಡಿನಲ್ಲಿ ಹಲಸಿನ ಹಣ್ಣಿನ ಕಡುಬು. ಮಳೆಗಾಲದ ಬೆಳಿಗ್ಗೆ ಬಿಸಿ ಕಡುಬಿನ ಮೇಲೆ ತುಪ್ಪ ಬಿಟ್ಟುಕೊಂಡು ತಿಂದವರಿಗೆ ಹಣ್ಣು–ಓಟ್ಸಿನ ರುಚಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾನ್ಯ ಬೇರೆ, ಕಾವು ಒಣದು, ಅಷ್ಟೇ ವ್ಯತ್ಯಾಸ.

ಅವಲಕ್ಕಿಗೂ ಓಟ್ಸಿಗೂ ತಯಾರಿಯಲ್ಲಿ ನಂಟಿದೆ, ಗೊತ್ತೇ? ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡಿದರೆ ಅವಲಕ್ಕಿ. ಹೊಟ್ಟು ತೆಗೆದ ಓಟ್ಸ್ ಕಾಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಉರುಳೆಗಳ ನಡುವೆ ಒತ್ತಿದರೆ ಅಂಗಡಿಯಲ್ಲಿ ಸಿಗುವ ಓಟ್ಸ್. ಹಬೆ ಕೊಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಬೇರೆ ಏಕದಳ ಧಾನ್ಯಗಳಿಗಿಂತ ಓಟ್ಸಿನಲ್ಲಿ ಕೊಬ್ಬು ಜಾಸ್ತಿ. ಕಾಳಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಆ ಕೊಬ್ಬನ್ನು ಒಡೆದು ಕಮಟು ಹಿಡಿಸುತ್ತದೆ. ಹಬೆಯ ಬಿಸಿಗೆ ಕಿಣ್ವ ಸಾಯುತ್ತದೆ, ಕಾಳು ಬಾಳಿಕೆ ಬರುತ್ತದೆ. ಹಾಗಿದ್ದರೂ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಎಣ್ಣೆ ಕಮಟಿದ ವಾಸನೆ ಬಂದರೆ ಮುಲಾಜಿಲ್ಲದೆ ಎಸೆಯಿರಿ.

ಓಟ್ಸ್ ಮೊದಲು ಕಳೆಯಾಗಿತ್ತು! ಪಶ್ಚಿಮ ಏಷ್ಯಾದ ಗೋಧಿ–ಬಾರ್ಲಿ ಹೊಲಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ಹುಲ್ಲು, ಬೀಜದ ಜೊತೆ ಬೆರೆತು ಯುರೋಪಿಗೆ ಹೋಯಿತು. ಅಲ್ಲಿನ ಥಂಡಿ, ಮಳೆಗೆ ಗೋಧಿ ಸೊರಗಿದ ಕಡೆಯಲ್ಲೆಲ್ಲ ಇದು ಹುಲುಸಾಗಿ ಬಂತು, ಜನ ಇದನ್ನೇ ಬಿತ್ತತೊಡಗಿದರು. ನಮ್ಮ ದೇಶದಲ್ಲಿ ಇದನ್ನು ಹೆಚ್ಚಾಗಿ ಬೆಳೆಯುವುದು ದನಕರುಗಳ ಹಸಿರು ಮೇವಿಗೆ.

ನಮ್ಮ ರಾಗಿಯೂ ವಲಸೆ ಬಂದದ್ದೇ. ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. ಸಾವಿರಾರು ವರ್ಷದ ಹಿಂದೆ ಬಂದು ಈ ಕೆಂಪು ಮಣ್ಣಿಗೆ ಒಗ್ಗಿ ನಮ್ಮದೇ ಆಯಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ಇಲ್ಲಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು, ಎಕರೆವಾರು ಇಳುವರಿ ಏರಿತು.

ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿದ್ದು ಸುಮಾರು 1250ರಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ. ಅಂದು ಆ ಗೋಡೆಯ ಮೇಲೆ ಉಳಿ ಹಿಡಿದ ಶಿಲ್ಪಿಗಳು ಸೀಬೆಹಣ್ಣು ಕಂಡಿರಲಿಲ್ಲ, ಗೊತ್ತೇ? ಪರಂಗಿ, ಸಪೋಟ, ಅನಾನಸ್ ಕೂಡ ಕಂಡಿರಲಿಲ್ಲ. ಕಡಲೆಕಾಯಿ, ಹಸಿಮೆಣಸಿನಕಾಯಿಯ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಇವೆಲ್ಲ ಅಮೆರಿಕ ಖಂಡಗಳವು, ಪೋರ್ಚುಗೀಸರ ಹಡಗುಗಳು ಬರತೊಡಗಿದ ಮೇಲೆ ಇತ್ತ ಬಂದವು. ಆಗಲೂ ಇಲ್ಲಿದ್ದವು ಬಾಳೆ, ಮಾವು, ಹಲಸು, ನೇರಳೆ, ತೆಂಗು. ಇಂದು ಜಾವಗಲ್‌ನ ಹಣ್ಣಿನ ಗಾಡಿಯ ಮುಂದೆ ನಿಂತರೆ ಎರಡೂ ಕಡೆಯವು ಒಟ್ಟಿಗೆ ಸಿಗುತ್ತವೆ. ಅವುಗಳ ನಡುವೆ ಸ್ಕಾಟ್ಲೆಂಡಿನವರ ದಿನನಿತ್ಯದ ಕಾಳಾದ ಓಟ್ಸೂ ಬಂದು ಕೂತರೆ ಮಡಿ ಕೆಡುವುದೇನೂ ಇಲ್ಲ.



ಓಟ್ಸಿನ ನಿಜವಾದ ಬಂಡವಾಳ ಯಾವುದು ಗೊತ್ತೇ? ಬೀಟಾ ಗ್ಲೂಕನ್ ಎಂಬ ನಾರು. ನೀರಿನಲ್ಲಿ ಕರಗಿ ಲೋಳೆಯಾಗುವ ಜಾತಿಯದು. ಕರುಳಿನಲ್ಲಿ ಈ ಲೋಳೆ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಯಕೃತ್ತು ಹೊಸ ಪಿತ್ತರಸ ಮಾಡಲು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ಕೆಟ್ಟ ಕೊಲೆಸ್ಟರಾಲ್ ಇಳಿಯುವ ಗುಟ್ಟು ಇಷ್ಟೇ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಬೇಕೆಂಬ ಲೆಕ್ಕದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. 40 ಗ್ರಾಂ ಒಣ ಓಟ್ಸಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗ್ರಾಂ ಸಿಗುತ್ತದೆ. ಅಂದರೆ ಒಂದು ಹೊತ್ತಿನ ತಿಂಡಿಯಿಂದ ಅರ್ಧ ದಾರಿ ಸಾಗಿದಂತೆ. ವೈದ್ಯರು ಕೊಟ್ಟ ಮಾತ್ರೆಗೆ ಇದು ಬದಲಿ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಸುಣ್ಣದಂಶದಲ್ಲಿ ಮಾತ್ರ ಓಟ್ಸ್ ನಮ್ಮ ರಾಗಿಯ ಹತ್ತಿರವೂ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಓಟ್ಸಿನಲ್ಲಿ ಅದು 50ರ ಆಸುಪಾಸು. ಪ್ರೋಟೀನಿನಲ್ಲಿ ಲೆಕ್ಕ ತಿರುಗುತ್ತದೆ: ಓಟ್ಸಿನಲ್ಲಿ 100ಕ್ಕೆ 13 ಗ್ರಾಂ, ರಾಗಿಯಲ್ಲಿ 7. ಒಂದರ ಕೊರತೆ ಇನ್ನೊಂದು ತುಂಬುತ್ತದೆ ಅಂದಮೇಲೆ ಎರಡನ್ನೂ ಬೆರೆಸಬಾರದೇಕೆ?

ಬೆರೆಸುವುದಕ್ಕೆ ಹಸಿ ರಾಗಿ ಹಿಟ್ಟಿಗಿಂತ ಹುರಿಹಿಟ್ಟು ಮೇಲು. ರಾಗಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಕಾಳು ತೇವ ಹೀರಿದ ಮೇಲೆ ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕುತ್ತಾರೆ. ಚಟಪಟ ಸಿಡಿದು ಪುಟ್ಟ ಬಿಳಿ ಅರಳಾಗುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ಆಗಲೇ ಬೆಂದ ಹಿಟ್ಟಾದ್ದರಿಂದ ಹಾಲು, ಬಾಳೆಹಣ್ಣು, ತುಸು ಬೆಲ್ಲ ಕಲಸಿದರೆ ಒಲೆ ಹಚ್ಚದೆ ತಿಂಡಿ ಸಿದ್ಧ. ಅರಸೀಕೆರೆ, ಬೇಲೂರು ಕಡೆಯ ರಾಗಿ ಸೀಮೆಯ ಮಕ್ಕಳು ಇದನ್ನು ತಿಂದೇ ಶಾಲೆಗೆ ಹೋದವರು. ಪೊಟ್ಟಣದ ಯಾವ ದಿಢೀರ್ ತಿಂಡಿಗಿಂತಲೂ ಇದು ಹಿರಿದು ಎಂಬುದು ನನ್ನ ಗಟ್ಟಿ ನಂಬಿಕೆ. ನಾಲ್ಕರಲ್ಲಿ ಒಂದು ಪಾಲು ಓಟ್ಸ್ ತೆಗೆದು ಹುರಿಹಿಟ್ಟು ಹಾಕಿದರೆ ಬೇಕ್ ಆಗುವಾಗ ಮನೆಯೆಲ್ಲ ಘಮ್ಮೆನ್ನುತ್ತದೆ. ಹಾಲು ಮಾತ್ರ ತುಸು ಜಾಸ್ತಿ ಬೇಕು.

ಬಾಳೆಹಣ್ಣು ಕಪ್ಪು ಚುಕ್ಕೆ ಬಿದ್ದಷ್ಟೂ ಈ ತಿಂಡಿಗೆ ಒಳ್ಳೆಯದು, ಏಕೆ ಗೊತ್ತೇ? ಕಾಯಿ ಬಾಳೆಯ ತಿರುಳಿನಲ್ಲಿ ನೂರಕ್ಕೆ 20ರಿಂದ 25ರಷ್ಟು ಪಿಷ್ಟ. ಕಳಿಯುತ್ತ ಹೋದಂತೆ ಅದು ಸಕ್ಕರೆಯಾಗಿ ಒಡೆದು ಕೊನೆಗೆ ಒಂದೆರಡು ಭಾಗವಷ್ಟೇ ಪಿಷ್ಟ ಉಳಿಯುತ್ತದೆ. ಯಾರೂ ಕೈಗೆತ್ತಿಕೊಳ್ಳದ, ಸಿಪ್ಪೆ ಕಪ್ಪಾದ ಹಣ್ಣೇ ಎಲ್ಲಕ್ಕಿಂತ ಸಿಹಿ. ಜೊತೆಗೆ ಅದರ ಪೆಕ್ಟಿನ್ ಹಿಟ್ಟನ್ನು ಹಿಡಿದಿಡುತ್ತದೆ, ಆದ್ದರಿಂದ ಮೊಟ್ಟೆ ಬೇಕಾಗುವುದಿಲ್ಲ. ಏಲಕ್ಕಿ ಬಾಳೆ ಹಾಕಿದರೆ ಪರಿಮಳ, ಪಚ್ಚಬಾಳೆ ಹಾಕಿದರೆ ಮೆದು. ನಂಜನಗೂಡು ರಸಬಾಳೆ ಸಿಕ್ಕಿದರೆ ಬೇಯಿಸಬೇಡಿ, ಹಾಗೇ ತಿನ್ನಿ.

ಬೆಲ್ಲ ಹಾಕಿದರೆ ಆರೋಗ್ಯ, ಸಕ್ಕರೆ ಹಾಕಿದರೆ ಅನಾರೋಗ್ಯ ಅನ್ನುವವರಿದ್ದಾರೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜ ಇದೆ, ರುಚಿಯಂತೂ ಇದ್ದೇ ಇದೆ. ಬಹುಪಾಲು ಮಾತ್ರ ಅದೂ ಸುಕ್ರೋಸೇ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಸಕ್ಕರೆ, ಬೆಲ್ಲ, ಜೇನು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಮೇಲು ಎನ್ನುತ್ತದೆ. 25 ಗ್ರಾಂ ಅಂದರೆ ಆರು ಟೀ ಚಮಚ. ಹಣ್ಣಿನ ರಸವೂ ಆ ಲೆಕ್ಕಕ್ಕೆ ಸೇರುತ್ತದೆ, ಇಡೀ ಹಣ್ಣು ಸೇರುವುದಿಲ್ಲ. ದಿನಕ್ಕೆರಡು ಸಲ ಕಾಫಿ ಕುಡಿಯುವ ಮನೆಗಳಲ್ಲಿ ಆ ಆರು ಚಮಚದ ಗಣನೀಯ ಪಾಲು ಲೋಟದಲ್ಲೇ ಮುಗಿದಿರುತ್ತದೆ. ಹಾಗಾಗಿ ತಿಂಡಿಯ ಸಿಹಿಯನ್ನಾದರೂ ಹಣ್ಣಿಗೇ ಬಿಟ್ಟುಕೊಡಬೇಕು.

ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲೇ ಅಚ್ಚು ಮಾಡಬೇಕೆಂದು ಕಾನೂನಿದೆ, ಗೊತ್ತೇ? ‘ಫ್ಲೇವರ್ಡ್’ ಓಟ್ಸಿನಲ್ಲಿ ಸಕ್ಕರೆ ಎರಡನೇ ಹೆಸರಾಗಿದ್ದರೆ ಅದನ್ನು ಅಲ್ಲೇ ಕಪಾಟಿಗೆ ಮರಳಿಸಿ. ಪಟ್ಟಿಯಲ್ಲಿ ಓಟ್ಸ್ ಒಂದೇ ಇರುವ ಪೊಟ್ಟಣ ತನ್ನಿ. ಅದರಲ್ಲೂ ದಪ್ಪ ಎಸಳಿನದನ್ನು ಹುಡುಕಿ. ಪುಡಿಪುಡಿಯಾದ ಇನ್‌ಸ್ಟಂಟ್ ಓಟ್ಸ್ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನೂ ಬೇಗ ಏರಿಸುತ್ತದೆ. ಮಧುಮೇಹ ಇರುವವರಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನು ಮಾಡುವ ಬಗೆ. ನಾಲ್ಕು ಜನಕ್ಕೆ ಇಲ್ಲಿದೆ ಲೆಕ್ಕ.

ರಾತ್ರಿ ಎರಡು ಲೋಟ ಓಟ್ಸನ್ನು ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಅರ್ಧ ಲೋಟ ಮೊಸರಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆ ಅರ್ಧ ಗಂಟೆ ನೆನೆದರೂ ನಡೆಯುತ್ತದೆ. ಬೆಳಿಗ್ಗೆ ಚೆನ್ನಾಗಿ ಕಳಿತ ಐದಾರು ಏಲಕ್ಕಿ ಬಾಳೆಹಣ್ಣು ಕಿವುಚಿ ಸೇರಿಸಿ. ಚಿಟಿಕೆ ಉಪ್ಪು, ಕುಟ್ಟಿದ ಎರಡು ಏಲಕ್ಕಿ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ಹಿಡಿ ಒಣದ್ರಾಕ್ಷಿ. ದ್ರಾಕ್ಷಿ ವಿಜಯಪುರದ್ದಾದರೆ ನಮ್ಮ ನಾಡಿನದೇ ಆಯಿತು. ಒಂದು ಚಮಚ ಹುಚ್ಚೆಳ್ಳು ಹುರಿದು ಉದುರಿಸಿದರೆ ರಾಗಿ ಹೊಲದ ಅಕ್ಕಡಿ ಸಾಲಿನ ಬೆಳೆಯೂ ತಟ್ಟೆಗೆ ಬಂದಂತೆ. ಕೊನೆಗೆ ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ, ಎರಡೇ ಸುತ್ತು ತಿರುವಿ, ತುಪ್ಪ ಸವರಿದ ಅಗಲ ಪಾತ್ರೆಗೆ ಎರಡು ಬೆರಳು ದಪ್ಪಕ್ಕೆ ಸುರಿಯಿರಿ.

ಸೋಡಾ ಹಾಕಿದ ಮೇಲೆ ಏಕೆ ತಡಮಾಡಬಾರದು ಗೊತ್ತೇ? ಸೋಡಾ ಕ್ಷಾರ, ಮೊಸರು ಹುಳಿ. ಎರಡೂ ಸೇರಿದ ಗಳಿಗೆಯಿಂದಲೇ ಇಂಗಾಲದ ಡೈ ಆಕ್ಸೈಡ್ ಗುಳ್ಳೆ ಏಳುತ್ತದೆ. ಗುಳ್ಳೆ ಹಾರಿಹೋಗುವ ಮೊದಲು ಕಾವು ತಗುಲಿದರೆ ತಿಂಡಿ ಹಗುರ, ತಡವಾದರೆ ಗಟ್ಟಿ. ಮೊಸರಿಲ್ಲದೆ ಸೋಡಾ ಮಾತ್ರ ಸುರಿದರೆ ಸಾಬೂನಿನಂಥ ಕಮಟು ನಾಲಿಗೆಗೆ ಹತ್ತುತ್ತದೆ.

ಹಾಗಾಗಿ ಸೋಡಾ ಬೆರೆಸುವ ಮೊದಲೇ ಒಲೆಯ ಮೇಲೆ ಹಳೆಯ ಕುಕ್ಕರ್ ಅಥವಾ ಮುಚ್ಚಳವಿರುವ ದಪ್ಪ ಪಾತ್ರೆ ಕಾಯಲು ಇಡಿ. ಹೊಸ ಕುಕ್ಕರ್ ಬೇಡ, ನಾನ್‌ಸ್ಟಿಕ್ ಪಾತ್ರೆಯಂತೂ ಕೂಡದು. ನೀರಿಲ್ಲದ ಕಾವು ಅವಕ್ಕೆ ಒಳ್ಳೆಯದಲ್ಲ. ತಳಕ್ಕೆ ಎರಡು ಲೋಟ ಪುಡಿ ಉಪ್ಪು ಹರಡಿ, ಮೇಲೆ ಒಂದು ಸಿಂಬಿ ಅಥವಾ ಸ್ಟ್ಯಾಂಡ್ ಇಡಿ. ಕುಕ್ಕರ್ ಆದರೆ ಮುಚ್ಚಳದ ರಬ್ಬರನ್ನೂ ವಿಷಲನ್ನೂ ತೆಗೆಯಲೇಬೇಕು, ಇದನ್ನು ಮರೆಯಬಾರದು. ಮುಚ್ಚಿ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಓಟ್ಸ್ ಪಾತ್ರೆ ಇಳಿಸಿ, ಉರಿ ಸಣ್ಣ ಮಾಡಿ. ನಲವತ್ತು ನಿಮಿಷದ ನಂತರ ಚಾಕು ಚುಚ್ಚಿ ನೋಡಿ. ಅಂಚು ಪಾತ್ರೆಯನ್ನು ಬಿಟ್ಟು ಒಳಕ್ಕೆ ಸರಿದಿದ್ದು, ಚಾಕುವಿಗೆ ಹಸಿ ಅಂಟು ಬಾರದಿದ್ದರೆ ಆಯಿತು. ಬಾಳೆಹಣ್ಣಿನ ತೇವ ಹೆಚ್ಚಾಗಿದ್ದರೆ ಇನ್ನೂ ಹತ್ತು ನಿಮಿಷ ಹಿಡಿಯಬಹುದು. ಇಳಿಸಿದ ಕೂಡಲೇ ಕತ್ತರಿಸಿದರೆ ಮುದ್ದೆಯಾಗುತ್ತದೆ. ಹತ್ತು ನಿಮಿಷ ಆರಬಿಟ್ಟರೆ ಓಟ್ಸಿನ ಲೋಳೆ ಬಿಗಿದು ಬರ್ಫಿಯ ಹಾಗೆ ಚೌಕ ಚೌಕ ಬರುತ್ತದೆ. ಓವನ್ ಇದ್ದವರು 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಇಡಿ.

ಉಪ್ಪು ಏನು ಮಾಡುತ್ತದೆ? ಕಾವನ್ನು ಹೀರಿಟ್ಟುಕೊಂಡು ಮೇಲಕ್ಕೆ ಸಮನಾಗಿ ಬಿಡುತ್ತದೆ, ಅಡಿ ಸೀಯುವುದಿಲ್ಲ. ಅದೇ ಉಪ್ಪನ್ನು ಡಬ್ಬಿಯಲ್ಲಿಟ್ಟು ಇದಕ್ಕೇ ಮತ್ತೆ ಮತ್ತೆ ಬಳಸಬಹುದು, ಅಡುಗೆಗೆ ಮಾತ್ರ ಬೇಡ.

ಯಾವ ಹಣ್ಣು ಒಳಗೆ, ಯಾವುದು ಮೇಲೆ? ಸೀಬೆಹಣ್ಣಿನಲ್ಲಿ 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವ ಇದೆ, ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು. ಕಾವಿಗೆ ಅದು ಹಾಳಾಗುತ್ತದೆ, ಆದ್ದರಿಂದ ಸೀಬೆಯನ್ನು ಹಸಿಯಾಗಿ ಹೆಚ್ಚಿ ಮೇಲೆ ಹಾಕಿಕೊಳ್ಳಿ. ದಾಳಿಂಬೆ ಕಾಳೂ ಹಾಗೇ. ಬಾಳೆ, ಸಪೋಟ, ಹಲಸಿನ ತೊಳೆ ಒಳಗೆ ಬೆಂದರೇ ಚೆನ್ನ. ಅನಾನಸನ್ನು ರಾತ್ರಿಯೇ ಹಾಲಿಗೆ ಬೆರೆಸಿಡಬೇಡಿ: ಅದರ ಬ್ರೊಮೆಲಿನ್ ಕಿಣ್ವ ಹಾಲಿನ ಪ್ರೋಟೀನನ್ನು ಕಡಿದು ಕಹಿ ಮಾಡುತ್ತದೆ. ಬೆಂದ ಮೇಲೆ ಆ ಕಿಣ್ವಕ್ಕೆ ಶಕ್ತಿಯಿಲ್ಲ, ಹಾಗಾಗಿ ಹೋಳುಗಳನ್ನು ಬೆಳಿಗ್ಗೆ ಬೇಯಿಸಿಯೇ ಹಾಕಿ.

ಹಲಸಿನ ಕಾಲಕ್ಕೆ ಒಂದು ಮಾತು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಜಮೀನಿನ ಒಂದೇ ಮರದಿಂದ ‘ಸಿದ್ದು’ ಎಂಬ ತಳಿ ಹೊರಬಂತು, ಗೊತ್ತೇ? ಹಣ್ಣು ಎರಡೂವರೆ ಕಿಲೋ ಆಸುಪಾಸು, ತೊಳೆ ತಾಮ್ರಗೆಂಪು. ಸಣ್ಣ ಸಂಸಾರಕ್ಕೆ ಒಂದು ಹಣ್ಣು ಒಂದು ದಿನಕ್ಕೆ ಮುಗಿಯುವ ಗಾತ್ರ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಿತು. ತೋಟದ ಬೇಲಿಯ ಹಲಸು ಉದುರಿ ಕೊಳೆಯುವುದನ್ನು ನೋಡಿಯೂ ಪೇಟೆಯಿಂದ ದುಬಾರಿ ಬೆರ್ರಿ ಹಣ್ಣು ತರಿಸುವ ಅಗತ್ಯ ನಮಗಿಲ್ಲ.

ಕೊಬ್ಬರಿಯಿಲ್ಲದೆ ಅರಸೀಕೆರೆ ಸೀಮೆಯ ತಿಂಡಿ ಪೂರ್ತಿಯಾಗದು. ತಿಪಟೂರು, ಅರಸೀಕೆರೆ ಮಾರುಕಟ್ಟೆಗಳಿಗೆ ಬರುವ ಉಂಡೆ ಕೊಬ್ಬರಿಯನ್ನು ಬಿಸಿಲಿಗೆ ಒಣಗಿಸಿ ಮಾಡುವುದಿಲ್ಲ, ಗೊತ್ತೇ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಎಂಟು ತಿಂಗಳಿಂದ ವರ್ಷದವರೆಗೆ ಅದು ಅಲ್ಲೇ ಕೂತಿರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಕುಗ್ಗುತ್ತದೆ. ಕಾಯಿ ಅಲುಗಿಸಿದರೆ ಮೊದಲು ಕುಳುಕುಳು ಸದ್ದು, ಆಮೇಲೆ ಸದ್ದೇ ಇಲ್ಲ, ಕೊನೆಗೆ ಒಳಗೆ ಲೊಟಲೊಟ ಉರುಳುವ ಗಿಟುಕು. ಆಗ ಸುಲಿದು ಒಡೆಯುವುದು. ಹೀಗೆ ನಿಧಾನ ಒಣಗಿದ್ದಕ್ಕೇ ಅದಕ್ಕೆ ಆ ಸಿಹಿ, ಆ ಬಿಳುಪು. ತೂಕದ ಮೂರರಲ್ಲಿ ಎರಡು ಪಾಲು ಎಣ್ಣೆ, ಅದರಲ್ಲೂ ಬಹಳಷ್ಟು ಪರ್ಯಾಪ್ತ ಕೊಬ್ಬು. ಓಟ್ಸ್ ಇಳಿಸಿದ ಕೊಲೆಸ್ಟರಾಲನ್ನು ಕೊಬ್ಬರಿ ಏರಿಸುವಂತಾಗಬಾರದಲ್ಲ, ಮೇಲೆ ಉದುರಿಸಲು ಎರಡು ಚಮಚ ತುರಿ ಸಾಕು. ಬೇಯುವಾಗ ಅದು ಹೊಂಬಣ್ಣಕ್ಕೆ ತಿರುಗುತ್ತದೆ, ಕೇಕಿನ ಅಂಗಡಿಯಲ್ಲಿ ಸಿಗದ ಗರಿಗರಿ ಬರುತ್ತದೆ.

ಸಿಹಿ ಸಾಲದೆಂದು ಜೇನು ಬೆರೆಸುವವರಿಗೆ ಒಂದು ಎಚ್ಚರಿಕೆ: ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು, ಬೇಯಿಸಿದ ತಿಂಡಿಯಲ್ಲೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣ ಮನೆಯ ಒಲೆಯ ಕಾವಿಗೆ ಸಾಯುವುದಿಲ್ಲ. ದೊಡ್ಡವರಿಗೆ ಏನೂ ಆಗದು, ಕೂಸಿನ ಎಳೆ ಕರುಳಿನಲ್ಲಿ ಅದು ಮೊಳೆತು ವಿಷ ಕಾರುತ್ತದೆ. ಹಾಗೆಯೇ ಪುಟ್ಟ ಮಕ್ಕಳಿಗೆ ಕೊಡುವ ತಿಂಡಿಗೆ ಇಡೀ ಕಡಲೆಕಾಯಿ ಬೀಜ ಹಾಕಬೇಡಿ, ಗಂಟಲಲ್ಲಿ ಸಿಕ್ಕೀತು. ಪುಡಿ ಮಾಡಿ ಹಾಕಿ.

ಉಳಿದದ್ದು ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಮರುದಿನ ಕಾವಲಿಗೆ ಒಂದು ತೊಟ್ಟು ತುಪ್ಪ ಬಿಟ್ಟು ಎರಡೂ ಮಗ್ಗುಲು ಕೆಂಪಗೆ ಮಾಡಿಕೊಂಡರೆ ಹೊರಗೆ ಗರಿ, ಒಳಗೆ ಮೆದು. ಬೆಳಿಗ್ಗೆ ಬಸ್ಸು ಹಿಡಿದು ಹಳೇಬೀಡಿಗೋ ಬಾಣಾವರದ ರೈಲಿಗೋ ಓಡುವವರು ಎರಡು ಚೌಕ ಕಾಗದದಲ್ಲಿ ಸುತ್ತಿಕೊಂಡು ಹೋಗಬಹುದು, ಸಾರು ಚಟ್ನಿ ಎಂದು ಡಬ್ಬಿ ಸೋರುವ ಚಿಂತೆಯಿಲ್ಲ.